ಸಹಿ ಹಾಕಿದ್ದು ಅಣ್ಣ, ಹಾಕಿಸಿದ್ದು ಬಿಲ್ಲು

ನಮ್ಮ ದೊಡ್ಡಪ್ಪ ಸ್ಟ್ರೋಕ್ ಆಗಿ ಹನ್ನೊಂದು ದಿನ ಐಸಿಯುನಲ್ಲಿದ್ದರು. ಹನ್ನೆರಡನೇ ದಿನ ಬೆಳಿಗ್ಗೆ ಅವರ ಮಗ, ನಮ್ಮಣ್ಣ, ಒಂದು ಕಾಗದಕ್ಕೆ ಸಹಿ ಹಾಕಿದ. ಡಾಕ್ಟರು ಬೇಡ ಅಂದರೂ ನಮ್ಮ ಸ್ವಂತ ಇಷ್ಟದಿಂದ ಕರೆದುಕೊಂಡು ಹೋಗುತ್ತಿದ್ದೇವೆ ಅಂತ ಅದರಲ್ಲಿ ಬರೆದಿತ್ತು. ಇಷ್ಟವಂತೆ! ಅಡಿಕೆ ಮಂಡಿಯಲ್ಲಿ ತಂದ ಸಾಲ ಖಾಲಿಯಾಗಿತ್ತು, ಅತ್ತಿಗೆಯ ಸರ ಅಡವು ಸೇರಿತ್ತು. ಆಂಬುಲೆನ್ಸ್‌ನಲ್ಲಿ ಒಬ್ಬ ಹುಡುಗ ಊರು ಬರುವವರೆಗೂ ಉಸಿರಿನ ಚೀಲ ಒತ್ತುತ್ತಾ ಕೂತಿದ್ದ. ಜಗಲಿಯಲ್ಲಿ ಮಲಗಿಸಿ, ಬಾಯಿಗೆ ನೀರು ಬಿಟ್ಟು, ಟ್ಯೂಬ್ ತೆಗೆದರು. ಮುಕ್ಕಾಲು ಗಂಟೆಯಲ್ಲಿ ಮುಗಿಯಿತು.

ದಯಾಮರಣ ಬೇಕೋ ಬೇಡವೋ ಅಂತ ಯಾರಾದರೂ ಚರ್ಚೆಗೆ ಕೂತಾಗೆಲ್ಲ ನನಗೆ ಆ ಚೀಲ ನೆನಪಾಗುತ್ತದೆ.

2025ರ ಜನವರಿ 30ರಂದು ನಮ್ಮ ಆರೋಗ್ಯ ಇಲಾಖೆ ಗೌರವದಿಂದ ಸಾಯುವ ಹಕ್ಕಿನ ಬಗ್ಗೆ ಸುತ್ತೋಲೆ ಹೊರಡಿಸಿತು. ಕರ್ನಾಟಕದಲ್ಲಿ ಇನ್ನು ಕೇಳಿದವರಿಗೆಲ್ಲ ಸಾವು ಕೊಡುತ್ತಾರೆ ಅನ್ನೋ ಹಾಗೆ ಎಷ್ಟೋ ಜನ ಓದಿಕೊಂಡರು. ಹಾಗಿಲ್ಲ. ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿ, 2023ರಲ್ಲಿ ಸ್ವಲ್ಪ ಸಡಿಲ ಮಾಡಿದ್ದೇ ಇದು. ಮತ್ತೆ ಏಳುವ ಆಸೆ ಇಲ್ಲದ ರೋಗಿಗೆ ಯಂತ್ರ ನಿಲ್ಲಿಸಬಹುದು. ಚಿಕಿತ್ಸೆ ಕೊಡುತ್ತಿರುವ ಡಾಕ್ಟರ ಜೊತೆ ಇಬ್ಬರು ತಜ್ಞರು ನೋಡಬೇಕು. ಆಮೇಲೆ ಮೂವರ ಇನ್ನೊಂದು ಮಂಡಳಿ ನೋಡಬೇಕು, ಅದರಲ್ಲಿ ಒಬ್ಬರು ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದವರು. ಮನೆಯವರು ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಇಂಜೆಕ್ಷನ್ ಕೊಟ್ಟು ಸಾಯಿಸುವುದು ಇವತ್ತಿಗೂ ಅಪರಾಧವೇ. ದಾವಣಗೆರೆಯ ನಿವೃತ್ತ ಶಿಕ್ಷಕಿ ಕರಿಬಸಮ್ಮ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಈ ಹಕ್ಕಿಗಾಗಿ ಸರ್ಕಾರಗಳಿಗೆ ಪತ್ರ ಬರೆದವರು. ಮೊದಲ ಫಲಾನುಭವಿ ಅವರೇ ಅಂತ ಸುದ್ದಿಯಾಯಿತು. ಆದರೆ ಜೀವ ಹಿಡಿದಿಡುವ ಚಿಕಿತ್ಸೆಯ ಮೇಲಿಲ್ಲದವರಿಗೆ ಸಾವು ಕೊಡಲು ಈ ಸುತ್ತೋಲೆಯಲ್ಲಿ ಅವಕಾಶವಿಲ್ಲ.

ಹೊರದೇಶಗಳಲ್ಲಿ ಬೇರೆ ದಾರಿ ಇದೆ, ರೋಗಿ ಕೇಳಿದರೆ ಸಾಯಲು ಡಾಕ್ಟರೇ ನೆರವಾಗುವುದು. ನೆದರ್‌ಲೆಂಡ್ಸ್ 2002ರಲ್ಲೇ ಅವಕಾಶ ಕೊಟ್ಟಿತು, ಕೆನಡಾ 2016ರಲ್ಲಿ. ಬ್ರಿಟನ್ನಿನ ಕೆಳಮನೆ 2025ರ ಜೂನ್‌ನಲ್ಲಿ 314-291 ಮತಗಳಿಂದ ಮಸೂದೆ ಪಾಸು ಮಾಡಿತು. ನಮ್ಮಲ್ಲೂ ಬರಲಿ ಅನ್ನುವವರಿದ್ದಾರೆ. ಅವರು ಹೇಳುವುದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಈಗಲೇ ಬೇಡ ಅನ್ನುತ್ತೇನೆ, ಅಷ್ಟೇ.

ಯಾಕೆ ಅಂದರೆ ಅರುಣಾ ಶಾನಭಾಗ್. ಹೊನ್ನಾವರದ ಹಳದೀಪುರದ ಹುಡುಗಿ, ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರ್‌ನಲ್ಲಿ ಅಲ್ಲೇ ಕೆಲಸಕ್ಕಿದ್ದವನೊಬ್ಬ ನಾಯಿಸರಪಳಿಯಿಂದ ಕತ್ತು ಬಿಗಿದು ದೌರ್ಜನ್ಯ ಮಾಡಿದ. ಅವರು ಮತ್ತೆ ಏಳಲಿಲ್ಲ. ಅವರಿಗೆ ಸಾವು ಕೊಡಿ ಅಂತ ಪತ್ರಕರ್ತೆಯೊಬ್ಬರು ಕೋರ್ಟಿಗೆ ಹೋದರು. ನರ್ಸ್‌ಗಳು ಬೇಡ ಅಂದರು, 2011ರಲ್ಲಿ ಕೋರ್ಟ್ ಅವರ ಮಾತನ್ನೇ ಕೇಳಿತು. ಅಷ್ಟು ವರ್ಷ ಮಲಗಿದ್ದರೂ ಮೈಮೇಲೆ ಒಂದೇ ಒಂದು ಬೆಡ್‌ಸೋರ್, ಅಂದರೆ ಮಲಗಿ ಮಲಗಿ ಆಗುವ ಹುಣ್ಣು, ಆಗಿರಲಿಲ್ಲ ಅನ್ನುವುದು ತೀರ್ಪಿನಲ್ಲೇ ಇದೆ. 2015ರ ಮೇ 18ರಂದು ತೀರಿಕೊಂಡರು. ನಲವತ್ತೊಂದು ವರ್ಷಕ್ಕೂ ಜಾಸ್ತಿ, ಅದೂ ಪಾಲಿಕೆ ಆಸ್ಪತ್ರೆಯಲ್ಲಿ, ಒಂದು ಹಾಸಿಗೆ! ಅವರು ಆ ಆಸ್ಪತ್ರೆಗೇ ಮನೆಮಗಳಾಗಿದ್ದರು, ಸಿಕ್ಕಿತು. ಹಳದೀಪುರದಲ್ಲೇ ಉಳಿದ ಇನ್ನೊಬ್ಬ ಹೆಣ್ಣುಮಗಳಿಗೆ ಎಷ್ಟು ದಿನ ಸಿಗುತ್ತಿತ್ತು? ಹೊರಳಿಸಿ ಮಲಗಿಸಲು ಯಾರಿರುತ್ತಿದ್ದರು?

ಇನ್ನು ನೋವಿನ ಮಾತು. ಕ್ಯಾನ್ಸರ್ ನೋವಿಗೆ ಮಾರ್ಫಿನ್ ಮಾತ್ರೆ ಇದೆ, ದುಬಾರಿಯೂ ಅಲ್ಲ. ಅದಕ್ಕೆ ಬೇಕಾದ ಅಫೀಮನ್ನು ಮಧ್ಯಪ್ರದೇಶ, ರಾಜಸ್ಥಾನದಲ್ಲಿ ಸರ್ಕಾರವೇ ಲೈಸೆನ್ಸ್ ಕೊಟ್ಟು ಬೆಳೆಸುತ್ತದೆ. ಆದರೆ 1985ರ ಮಾದಕವಸ್ತು ಕಾಯ್ದೆಯ ಹೆದರಿಕೆಗೆ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದನ್ನೇ ಬಿಟ್ಟವು. 2014ರಲ್ಲಿ ಕಾಯ್ದೆ ತಿದ್ದಿದರು, ಹೆದರಿಕೆ ಪೂರ್ತಿ ಹೋಗಿಲ್ಲ. ಕೇರಳ 2008ರಲ್ಲೇ ಉಪಶಮನ ಆರೈಕೆಗೆ, ಅಂದರೆ ವಾಸಿಯಾಗದ ರೋಗಿಯ ನೋವು ತಗ್ಗಿಸುವ ಆರೈಕೆಗೆ, ಒಂದು ನೀತಿ ಮಾಡಿ ಪಂಚಾಯಿತಿ ಮೂಲಕ ನರ್ಸನ್ನು ಮನೆ ಬಾಗಿಲಿಗೆ ಕಳಿಸಿತು. ಬೆಂಗಳೂರಿನಲ್ಲಿ ಕರುಣಾಶ್ರಯ ಇದೆ, ಕೊನೆಗಾಲದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ನಮ್ಮೂರಿನಿಂದ ಅಲ್ಲಿಗೆ ಒಂದು ರಾತ್ರಿ ಪ್ರಯಾಣ.

ನಮ್ಮ ಹಿರಿಯರು ಯಾರಿಗೂ ಭಾರ ಆಗದ ಹಾಗೆ ಹೋಗಿಬಿಡಬೇಕು ಅನ್ನುತ್ತಲೇ ಇರುತ್ತಾರೆ ಅಲ್ವಾ? ಸುಮ್ನೆ ಅನ್ನುವ ಮಾತಲ್ಲ ಅದು. ಮಗ ಸಾಲ ಮಾಡುವುದನ್ನು ಕಣ್ಣಾರೆ ಕಂಡ ಅಪ್ಪ ನನಗೆ ಇಂಜೆಕ್ಷನ್ ಕೊಡಿ ಅಂದರೆ, ಕೇಳುತ್ತಿರುವುದು ಅವನೋ, ಸಾಲವೋ? ಯಾವ ಮಂಡಳಿಯ ಮೂವರು ತಜ್ಞರು ಇದನ್ನು ಬೇರೆ ಮಾಡಿ ಹೇಳುತ್ತಾರೆ? ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಹಾಸಿಗೆ, ನರ್ಸ್, ನೋವಿನ ಮಾತ್ರೆ ಮೂರೂ ಸಿಗುವ ದಿನ ಆ ಅಪ್ಪ ಅದನ್ನೇ ಕೇಳಿದರೆ ನಾನೂ ಅವನ ಪರ ನಿಲ್ಲುತ್ತೇನೆ.

ಹೋದ ತಿಂಗಳು ನಾನು ನನ್ನ ಜೀವಂತ ಉಯಿಲು ಬರೆದೆ, ಮಾತು ನಿಂತು ಮಲಗಿದರೆ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡುವ ಕಾಗದ. ಇಬ್ಬರು ಸಾಕ್ಷಿ, ನೋಟರಿ ಮುಂದೆ ಸಹಿ. ನಮ್ಮ ಪರವಾಗಿ ತೀರ್ಮಾನ ಹೇಳುವವರ ಹೆಸರೂ ಅದರಲ್ಲಿ ಬರೆಯಬೇಕು. ಒಂದು ಹೆಸರು ಅಣ್ಣನದು. ಒಂದು ಪ್ರತಿ ಕೊಟ್ಟೆ. ಜಗಲಿಯಲ್ಲಿ ಕೂತು ಎರಡು ಸಲ ಓದಿದ. ಕನ್ನಡಕ ತೆಗೆದು ಕೇಳಿದ.

"ಇದ್ರಲ್ಲಿ ದುಡ್ಡಿನ ವಿಷ್ಯ ಎಲ್ಲಿದೆಯೋ?"

"ಇಲ್ಲ ಅಣ್ಣ" ಅಂದೆ.