ಹಾಕಿ ಇದೆ ಸಾರ್, ಆಡೋಕೆ ಟೈಮಿಲ್ಲ ಅಷ್ಟೇ

ಏಪ್ರಿಲ್ ಬಂತೆಂದರೆ ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಆಕಾಶ ಕಾಣುವುದಿಲ್ಲ. ಎಲ್ಲಿ ನೋಡಿದರೂ ರೆಸಿಡೆನ್ಷಿಯಲ್ ಸ್ಕೂಲುಗಳ ಫ್ಲೆಕ್ಸು. ಹೋದ ವರ್ಷ 625ಕ್ಕೆ 620ರ ಮೇಲೆ ತೆಗೆದ ಮಕ್ಕಳು ಕಂಬ ಕಂಬಕ್ಕೂ ನೇತಾಡುತ್ತಾ ನಗುತ್ತಿರುತ್ತಾರೆ. ಅವರ ಕೆಳಗೆ ಮೂಲೆಯಲ್ಲಿ 'ಕ್ರೀಡೆಗೂ ಸಮಾನ ಆದ್ಯತೆ' ಅಂತ ಒಂದು ಸಾಲು. ಸಾಲಿನ ಪಕ್ಕ ಸ್ಟಿಕ್ ಹಿಡಿದ ಒಬ್ಬ ಹುಡುಗಿ.

ನಮ್ಮಣ್ಣ ಅದನ್ನು ನೋಡಿಯೇ ಬೈಕ್ ನಿಲ್ಲಿಸಿದ. ಅವನ ಮಗಳು ಎಂಟನೇ ಕ್ಲಾಸ್ ಮುಗಿಸಿದ್ದಾಳೆ. ಹಾಕಿ ಆಡುತ್ತಾಳೆ, ಸೆಂಟರ್ ಹಾಫ್. "ಇದೇ ಸ್ಕೂಲು, ಫಿಕ್ಸ್" ಅಂದ. ಮಗಳು ಒಮ್ಮೆ ಕತ್ತೆತ್ತಿ ನೋಡಿದಳು.

"ಅಪ್ಪಾ, ಅದು ಐಸ್ ಹಾಕಿ."

ಹೌದು ಮತ್ತೆ. ತಲೆಗೆ ಹೆಲ್ಮೆಟ್ಟು, ಕಾಲಿಗೆ ಸ್ಕೇಟು, ಹಿಂದೆ ಬರೀ ಹಿಮ. ಫ್ಲೆಕ್ಸಿನ ನೆರಳಲ್ಲಿ ಕಲ್ಲಂಗಡಿ ಮಾರುವವನು ಒದ್ದೆ ಟವೆಲ್ ತಲೆಗೆ ಹಾಕಿಕೊಂಡು ಕೂತಿದ್ದ.

ಆದರೂ ವಿಚಾರಿಸೋಣ ಅಂತ ಹೋದೆವು. ಈಗಿನ ಸ್ಕೂಲುಗಳಲ್ಲಿ ಹೆಡ್‌ಮಾಸ್ಟರ್ ಸಿಗುವುದಿಲ್ಲ, ಅಡ್ಮಿಷನ್ ಕೌನ್ಸೆಲರ್ ಸಿಗುತ್ತಾರೆ. ಟೈ ಕಟ್ಟಿದ ಹುಡುಗ. "ಹಾಕಿ ಇದೆಯಾ?" ಅಂದರೆ "ಎಲ್ಲಾ ಇದೆ ಸಾರ್" ಅಂದ. "ಗ್ರೌಂಡು?" ಅಂದರೆ "ಬನ್ನಿ ಸಾರ್" ಅಂತ ಕಿಟಕಿ ತೋರಿಸಿದ. ಗ್ರೌಂಡಿನ ತುಂಬ ಹಳದಿ ಬಸ್ಸುಗಳು. "ಸಂಜೆ ಬಸ್ ಹೋದ ಮೇಲೆ ಫುಲ್ ಖಾಲಿ ಸಾರ್." ಸಂಜೆ ಬಸ್ ಹೋದ ಮೇಲೆ ಮಕ್ಕಳಿಗೆ ಏನಿರುತ್ತೆ ಅಂತ ಕೇಳಿದೆವು. "ಸ್ಟಡಿ ಅವರ್."

"ಟರ್ಫ್ ಇದೆಯಾ ಅಂಕಲ್?" ಅಂತ ನಮ್ಮ ಹುಡುಗಿ ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. 1976ರ ಮಾಂಟ್ರಿಯಲ್‌ನಿಂದ ಒಲಿಂಪಿಕ್ಸ್ ಹಾಕಿ ಎಲ್ಲಾ ಕೃತಕ ಹುಲ್ಲಿನ ಮೇಲೆಯೇ. ಮಣ್ಣಿನಲ್ಲಿ ಕಲಿತವರಿಗೆ ಟರ್ಫಿನ ಮೇಲೆ ಚೆಂಡಿನ ವೇಗ ಸಿಗುವುದಿಲ್ಲ. ಜಲ್ಲಿಕಲ್ಲಿಗೆ ತಾಗಿ ಪುಟಿಯುವ ಚೆಂಡನ್ನು ತಡೆದು ತಡೆದು ಅವಳ ಮೊಣಕಾಲಿನ ಕೆಳಗೆ ಗಾಯದ ಕಲೆಗಳು ಸಾಲಾಗಿ ಕೂತಿವೆ. ಕೌನ್ಸೆಲರ್ ಮುಖ ಅರಳಿತು. "ಟರ್ಫ್ ಇದೆ ಮೇಡಂ!" ಅಂದವನೇ ನಮ್ಮನ್ನು ರಿಸೆಪ್ಷನ್ನಿಗೆ ವಾಪಸ್ ಕರಕೊಂಡು ಬಂದ. ಸರಸ್ವತಿ ವಿಗ್ರಹದ ಮುಂದೆ ಹಸಿರು ಪ್ಲಾಸ್ಟಿಕ್ ಹುಲ್ಲು ಹಾಸಿದ್ದರು. "ಇಂಪೋರ್ಟೆಡ್. ಚಪ್ಪಲಿ ಬಿಟ್ಟು ಹತ್ತಿ." ಹಾಕಿ ಮೈದಾನ ಉದ್ದ 91.4 ಮೀಟರ್, ಅಗಲ 55 ಮೀಟರ್. ಇಲ್ಲಿ ಇಬ್ಬರು ನಿಂತರೆ ಮೂರನೆಯವರು ಅಕ್ವೇರಿಯಂಗೆ ಒರಗಬೇಕು.

ಟೈಮ್‌ಟೇಬಲ್ ಕೊಟ್ಟರು. ಬೆಳಿಗ್ಗೆ ಐದಕ್ಕೆ ಎದ್ದರೆ ರಾತ್ರಿ ಹತ್ತರವರೆಗೆ ನೀಟ್ ಫೌಂಡೇಶನ್, ಜೆಇಇ ಫೌಂಡೇಶನ್, ಡೌಟ್ ಕ್ಲಿಯರಿಂಗ್, ಮತ್ತೆ ಫೌಂಡೇಶನ್. ಇಷ್ಟು ಬುನಾದಿ ಹಾಕಿದ ಮೇಲೆ ಮನೆ ಯಾವಾಗ ಕಟ್ಟುತ್ತಾರೋ. ಸಂಜೆ 4.45ರಿಂದ 5.15 ಗೇಮ್ಸ್. ಅದರೊಳಗೇ ಹಾಲು, ಬಿಸ್ಕೆಟ್ಟು, ಶೂ ಬದಲಿಸುವುದು. ಒಂದು ಹಾಕಿ ಮ್ಯಾಚಿಗೆ ಹದಿನೈದು ನಿಮಿಷದ ನಾಲ್ಕು ಕ್ವಾರ್ಟರ್ ಬೇಕು. ಇವರ ಲೆಕ್ಕದಲ್ಲಿ ಸೋಮವಾರ ಶುರುವಾದ ಮ್ಯಾಚು ಬುಧವಾರ ಮುಗಿಯುತ್ತದೆ. ಗೇಮ್ಸ್ ಪಕ್ಕ ಒಂದು ಸಣ್ಣ ನಕ್ಷತ್ರ. ಕೆಳಗೆ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ: 'ಪರೀಕ್ಷೆ ಸಮೀಪಿಸಿದಾಗ ಇರುವುದಿಲ್ಲ.' ವರ್ಷಕ್ಕೆ ಎಫ್‌ಎ ಅನ್ನುವ ಕಿರುಪರೀಕ್ಷೆ ನಾಲ್ಕು, ಎಸ್‌ಎ ಅನ್ನುವ ದೊಡ್ಡ ಪರೀಕ್ಷೆ ಎರಡು, ಭಾನುವಾರ ಭಾನುವಾರ ಫೌಂಡೇಶನ್ ಟೆಸ್ಟು. ಪರೀಕ್ಷೆ ದೂರ ಇರುವ ದಿನ ಯಾವುದು ಸ್ವಾಮಿ?

ಇನ್ನೊಂದು ಸ್ಕೂಲಿನಲ್ಲಿ ಚೇರ್ಮನ್ನರೇ ಸಿಕ್ಕರು. ಹಾಕಿ ಅಂದದ್ದೇ ಕಣ್ಣಲ್ಲಿ ನೀರು ತಂದುಕೊಂಡರು. 2021ರ ಆಗಸ್ಟಿನಲ್ಲಿ ಟೋಕಿಯೊದಲ್ಲಿ ನಮ್ಮ ಹುಡುಗಿಯರು ಆಸ್ಟ್ರೇಲಿಯಾವನ್ನು 1-0ರಿಂದ ಹೊಡೆದು ಸೆಮಿಫೈನಲ್ ಮುಟ್ಟಿದ್ದು, ಕಂಚಿನ ಪಂದ್ಯದಲ್ಲಿ ಬ್ರಿಟನ್ ಎದುರು 4-3ರಿಂದ ಸೋತದ್ದು, ಎಲ್ಲ ಬಾಯಿಪಾಠ. "ಆವತ್ತು ಊಟ ಮಾಡಿಲ್ಲ ಕಣ್ರೀ. ಸ್ಟೇಟಸ್ ಹಾಕಿದ್ದೆ." ಆ ಟೀಮಿನ ಹುಡುಗಿಯೊಬ್ಬಳು ಒಂಬತ್ತನೇ ಕ್ಲಾಸಿಗೆ ಸೀಟ್ ಕೇಳಿಕೊಂಡು ಬಂದಿದ್ದರೆ ಕೊಡ್ತಿದ್ರಾ ಅಂತ ನಾನು ಸುಮ್ನೆ ಕೇಳಿದೆ. ಕನ್ನಡಕ ಒರೆಸುತ್ತಾ "ಎಂಟನೇ ಕ್ಲಾಸಿನ ಮ್ಯಾಥ್ಸ್ ಮಾರ್ಕ್ಸ್ ನೋಡಬೇಕಾಗುತ್ತೆ" ಅಂದರು.

ಚಿತ್ರದುರ್ಗದ ಕಡೆಯ ಒಂದು ಸ್ಕೂಲು ನಿಜಕ್ಕೂ ಚೆನ್ನಾಗಿತ್ತು. ಗ್ರೌಂಡಿದೆ, ಬಸ್ಸುಗಳಿಗೆ ಬೇರೆ ಶೆಡ್ಡಿದೆ. ಟರ್ಫ್ ಇಲ್ಲ, ಅದಕ್ಕೆ ಸುರಿಯಲು ನೀರೂ ಇಲ್ಲ, ಬೋರ್‌ವೆಲ್ ಸ್ನಾನಕ್ಕೇ ಸಾಲದು ಅಂತ ಅವರೇ ಒಪ್ಪಿಕೊಂಡರು. ಪ್ರಾಮಾಣಿಕರು, ಇಲ್ಲೇ ಸೇರಿಸೋಣ ಅನ್ನುವಷ್ಟರಲ್ಲಿ ಹಾಸ್ಟೆಲ್ ನಿಯಮಗಳ ಹಾಳೆ ಬಂತು. ತರಬಾರದ ವಸ್ತುಗಳು: ಮೊಬೈಲ್, ಎಲೆಕ್ಟ್ರಿಕ್ ಕೆಟಲ್, ಚಾಕು, ಕೋಲು. ಹಾಕಿ ಸ್ಟಿಕ್ ಎಲ್ಲಿ ಬರುತ್ತೆ ಅಂತ ಕೇಳಿದರೆ ವಾರ್ಡನ್ ಮೇಡಂ ತಡಮಾಡದೆ "ಕೋಲಿನಲ್ಲಿ" ಅಂದರು. ಸ್ಟಿಕ್ ಅವರ ರೂಮಿನಲ್ಲೇ ಇರಬೇಕು. ಬೇಕಾದಾಗ ಅರ್ಜಿ, ಪಿಟಿ ಸರ್ ಸಹಿ, ರಿಜಿಸ್ಟರಿನಲ್ಲಿ ಎಂಟ್ರಿ. ಊರಿನ ಸ್ಟೇಡಿಯಂಗೆ ಒನಕೆ ಓಬವ್ವನ ಹೆಸರಿದೆ ಅನ್ನುವುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುತ್ತಿದ್ದಾಗ ಓಬವ್ವ ಒನಕೆಗೆ ಅರ್ಜಿ ಬರೆದುಕೊಂಡು ನಿಂತಿದ್ದರೆ ಆ ಹೆಸರು ಅಲ್ಲಿ ಇರುತ್ತಿರಲಿಲ್ಲ, ಅಷ್ಟೇ.

"ಹುಡುಗಿಗೆ ಹಾಕಿ ಯಾಕೆ, ಥ್ರೋಬಾಲ್ ಇದೆಯಲ್ಲ", "ಬಿಸಿಲಿಗೆ ಕಪ್ಪಾಗ್ತಾಳೆ" ಅನ್ನುವ ಸಲಹೆಗಳು ಪ್ರತಿ ಸ್ಕೂಲಿನಲ್ಲೂ ಉಚಿತ. ಉಚಿತ ಸಿಕ್ಕಿದ್ದು ಅದೊಂದೇ.

ಕೊನೆಗೆ ದಾರಿ ಹೇಳಿದ್ದು ಅವಳ ಪಿಟಿ ಮೇಷ್ಟ್ರು. ಕೊಡಗಿನಲ್ಲಿ, ಕೂಡಿಗೆ, ಪೊನ್ನಂಪೇಟೆ ಕಡೆ, ಸರ್ಕಾರದ ಕ್ರೀಡಾ ಇಲಾಖೆಯದೇ ಕ್ರೀಡಾಶಾಲೆ, ಹಾಸ್ಟೆಲ್ ಇದ್ದಾವಲ್ಲ ಅಂದರು. ಊರೂರಿನ ಕುಟುಂಬಗಳು ಟೀಮ್ ಕಟ್ಟಿಕೊಂಡು ಹಾಕಿ ಹಬ್ಬಕ್ಕೆ ಇಳಿಯುವ ಸೀಮೆ. ಅಲ್ಲಿ ಮಾರ್ಕ್ಸ್ ಕಾರ್ಡ್ ಕೇಳುವ ಮುಂಚೆ ಓಡಿಸುತ್ತಾರೆ, ಹಾರಿಸುತ್ತಾರೆ, ಆಟ ನೋಡುತ್ತಾರೆ. ಆಯ್ಕೆಯಾದರೆ ಊಟ, ವಸತಿ, ತರಬೇತಿ ಎಲ್ಲ ಇಲಾಖೆಯದು.

ಸುದ್ದಿ ಕೇಳಿದ ಕೂಡಲೇ ಮನೆಯಲ್ಲಿ ಅನುಮಾನ ಶುರುವಾಯಿತು. "ಫೀಸ್ ಇಲ್ಲ ಅಂದ್ರೆ ಏನೋ ಐತಿ" ಅಂದರು ಅತ್ತೆ. ಐಸ್ ಹಾಕಿ ಸ್ಕೂಲಿನವರು ಲಕ್ಷದ ಮೇಲೆ ಹೇಳಿದಾಗ ಇವರೇ "ಒಳ್ಳೆ ಸ್ಕೂಲಿರಬೇಕು" ಅಂದಿದ್ದರು. ಅತ್ತಿಗೆ ಅಲ್ಲಿ ನೀಟ್ ಫೌಂಡೇಶನ್ ಇದೆಯಾ ಅಂತ ಕೇಳಿದರು. ಹುಡುಗಿ ಮಾತ್ರ ಯಾರಿಗೂ ಉತ್ತರ ಕೊಡದೆ ಬೆಳಿಗ್ಗೆ ಐದಕ್ಕೇ ಎದ್ದು ಓಡಲು ಶುರು ಮಾಡಿದ್ದಾಳೆ.

ಅಣ್ಣನೇ ಧೈರ್ಯ ಮಾಡಿ ಕ್ರೀಡಾ ಇಲಾಖೆಗೆ ಫೋನ್ ಹಚ್ಚಿದ. ಆ ಕಡೆಯವರು ಟ್ರಯಲ್ಸ್‌ಗೆ ಯಾವ ಯಾವ ದಾಖಲೆ ತರಬೇಕು ಅಂತ ಸಮಾಧಾನವಾಗಿ ಹೇಳಿದರು. ಫೀಸ್ ಏನೂ ಇಲ್ಲ ಅಂತಲೂ ಹೇಳಿದರು. ಅಣ್ಣ ಎಲ್ಲಾ ಬರೆದುಕೊಂಡ, ಥ್ಯಾಂಕ್ಸ್ ಹೇಳಿದ. ಆಮೇಲೆ ದನಿ ತಗ್ಗಿಸಿ ಕೇಳಿದ: "ಸಾರ್, ಅದನ್ನ ಎರಡು ಕಂತಲ್ಲಿ ಕಟ್ಟಬಹುದಾ?"