ಚಕ್ರ ಮುಚ್ಚಿದರೆ ಸಾಲದು, ಕಾಣಲೂ ಬೇಕಲ್ವಾ?

'ಚಕ್ರ ಮುಚ್ಚಿದ ಮೈ ಯಾವ ಟ್ರ್ಯಾಕ್‌ನಲ್ಲಾದರೂ ವೇಗವೇ, ನಿಯಮಗಳೇ ಅದನ್ನು ಕೊಂದವು' ಎಂದು ರೇಸ್ ಕಾರುಗಳ ಬಗೆಗಿನ ನಿಮ್ಮ ಲೇಖನ ಹೇಳುತ್ತದೆ. 'ಚಕ್ರ ಮುಚ್ಚಿದ ಮೈ' ಅಂದರೆ ಚಕ್ರಗಳ ಮೇಲೂ ಹೊದ್ದಿಸಿದ ಕಾರಿನ ಹೊರಕವಚ. ನೀವೇ ಹೊಗಳಿದ ಮರ್ಸಿಡಿಸ್ ಡಬ್ಲ್ಯು 196 ಎಂಬ ಫಾರ್ಮುಲಾ ಒನ್ ರೇಸ್ ಕಾರಿನ ಕಥೆ ಇದಕ್ಕೆ ಉಲ್ಟಾ ಇದೆ.

1954ರ ಜುಲೈನಲ್ಲಿ ಫ್ರಾನ್ಸಿನ ರೀಮ್ಸ್‌ನಲ್ಲಿ ಮರ್ಸಿಡಿಸ್ ಚಾಲಕರಾದ ಫಾಂಜಿಯೊ, ಕ್ಲಿಂಗ್ ಇಬ್ಬರೂ ಅದರ ಚಕ್ರ ಮುಚ್ಚಿದ ರೂಪದಲ್ಲೇ ಮೊದಲೆರಡು ಸ್ಥಾನ ಪಡೆದರು, ನಿಜ. ಅಲ್ಲಿ ಉದ್ದುದ್ದ ನೇರ ರಸ್ತೆಗಳಿದ್ದವು. ಓಡುವ ಟೈರಿನ ಮೇಲ್ಭಾಗ ಕಾರಿನ ಎರಡು ಪಟ್ಟು ವೇಗದಲ್ಲಿ ಮುಂದಕ್ಕೆ ನುಗ್ಗುತ್ತದೆ. ಕಾರು 250 ಕಿ.ಮೀ. ವೇಗದಲ್ಲಿದ್ದರೆ ಅದು 500! ಅದನ್ನು ಮುಚ್ಚಿದರೆ ಗಾಳಿಯ ತಡೆ ಕಡಿಮೆಯಾಗದೆ ಇರುತ್ತದೆಯೇ?

ಆದರೆ ಅದೇ ತಿಂಗಳು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಏನಾಯಿತು? ಅದು ಹಳೆಯ ವಿಮಾನ ನಿಲ್ದಾಣ, ತಿರುವಿನ ಅಂಚು ಗುರುತಿಸಲು ಎಣ್ಣೆ ಡ್ರಮ್ ಇಟ್ಟಿದ್ದರು. ಮುಂದಿನ ಚಕ್ರವೇ ಕಾಣದೆ ಫಾಂಜಿಯೊನಂಥ ಫಾಂಜಿಯೊ ಡ್ರಮ್‌ಗಳಿಗೆ ಗುದ್ದಿದ. ಮೂತಿ ನಜ್ಜುಗುಜ್ಜಾಗಿ ನಾಲ್ಕನೆಯವನಾಗಿ ಬಂದ. ಮುಂದೆ ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ರೇಸಿಗೆ ಮರ್ಸಿಡಿಸ್‌ನವರೇ ಚಕ್ರ ಹೊರಗೆ ಕಾಣುವ ಮೈ ತಂದರು, ಫಾಂಜಿಯೊ ಗೆದ್ದ. ಆಗ ಚಕ್ರ ಮುಚ್ಚಬಾರದು ಅನ್ನೋ ನಿಯಮವೇ ಇರಲಿಲ್ಲ! ಇಟಲಿಯ ವೇಗದ ಟ್ರ್ಯಾಕ್ ಮೊಂಜಾಕ್ಕೆ ಮುಚ್ಚಿದ ಮೈ ಮತ್ತೆ ಬಂತು, 1954 ಮತ್ತು 55 ಎರಡೂ ಸಲ ಗೆದ್ದಿತು.

ಸ್ಟುಟ್‌ಗಾರ್ಟ್ ಮ್ಯೂಸಿಯಂನಲ್ಲಿ ಆ ಕಾರಿನ ಮುಂದೆ ಅರ್ಧ ಗಂಟೆ ಸುಮ್ನೆ ನಿಂತಿದ್ದೆ. ಚಂದಕ್ಕೆ ಸಾಟಿಯಿಲ್ಲ ಬಿಡಿ. ಆದರೆ ಆ ಅಗಲ ಮೈ ನೋಡಿದರೆ ಡ್ರಮ್‌ಗೆ ಯಾಕೆ ಗುದ್ದಿತು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.