ನಮ್ಮ ತೋಡಿನ ನೀರು ಕಾಸರಗೋಡಿನ ಅಳಿವೆಗೆ ಹೋಗುತ್ತದೆ, ಸ್ವಾಮಿ

ಇವತ್ತು ಬೆಳಿಗ್ಗೆ ನಮ್ಮ ಕೊಡಗಿನ ಸಂಪಾಜೆ ಘಾಟಿಯ ತಿರುವೊಂದರಲ್ಲಿ ಪಿಕಪ್ ನಿಲ್ಲಿಸಿಕೊಂಡು ಇಬ್ಬರು ಹುಡುಗರು ಮದುವೆ ಮನೆಯ ಎಂಜಲೆಲೆ, ಪ್ಲಾಸ್ಟಿಕ್ ಲೋಟ, ಕೋಳಿಯ ಕರುಳು ಎಲ್ಲವನ್ನೂ ತೋಡಿಗೆ ಸುರಿಯುತ್ತಿದ್ದರು. ಗದರಿದೆ. "ಒಂದು ಮಳೆ ಬಂದರೆ ಎಲ್ಲ ಕೊಚ್ಚಿಕೊಂಡು ಹೋಗುತ್ತದೆ ಅಣ್ಣ" ಎಂದು ನನಗೇ ಸಮಾಧಾನ ಹೇಳಿದರು.

ಹೋಗುತ್ತದೆ, ನಿಜ. ಎಲ್ಲಿಗೆ? ಸಂಪಾಜೆಯ ನೀರು ಪಯಸ್ವಿನಿ ಸೇರಿ, ಸುಳ್ಯ ದಾಟಿ, ಕೇರಳದಲ್ಲಿ ಚಂದ್ರಗಿರಿ ಹೊಳೆಯಾಗಿ ಕಾಸರಗೋಡಿನ ತಳಂಗರೆಯ ಹತ್ತಿರ ಸಮುದ್ರಕ್ಕೆ ಬೀಳುತ್ತದೆ. ಬ್ರಹ್ಮಗಿರಿಯ ಬಾರಾಪೊಳೆ ವಳಪಟ್ಟಣಂ ನದಿ ಸೇರಿ ಕಣ್ಣೂರಿನ ಅಳಿವೆಗೆ ಹೋಗುತ್ತದೆ. ಪುಷ್ಪಗಿರಿಯ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕೂಡಿ ಮಂಗಳೂರಿಗೆ. ಕೊಡಗಿಗೆ ಸಮುದ್ರವಿಲ್ಲ, ಆದರೆ ಮೂರು ಅಳಿವೆಗಳ ತಲೆಯ ಮೇಲೆ ಕುಳಿತಿದ್ದೇವೆ.

ಕಾವೇರಿಯಾದರೆ ತಾಯಿ. ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ಬಾಟಲಿ ಹಿಡಿದು ಸಾಲು ನಿಲ್ಲುತ್ತೇವೆ. ಆ ತಾಯಿಯನ್ನೂ ಚೆನ್ನಾಗಿ ನೋಡಿಕೊಂಡಿಲ್ಲ, ಆ ಮಾತು ಬೇರೆ. ಅಲ್ಲಿ ಕೊನೆಗೆ ನಾಚಿಕೆಯಾದರೂ ಇದೆ. ಪಶ್ಚಿಮಕ್ಕೆ ಹರಿಯುವ ಹೊಳೆಗೆ ಅದೂ ಇಲ್ಲ.

ಕಾಫಿ ಹಣ್ಣಿನ ಸಿಪ್ಪೆ ಸುಲಿದು ತೊಳೆಯುವ ಪಲ್ಪಿಂಗ್ ಕಾಲದಲ್ಲಿ ನೋಡಿ. ಹಣ್ಣಿನ ಸಿಪ್ಪೆ, ಅಂಟು, ಸಕ್ಕರೆ ಕರಗಿದ ಹುಳಿನೀರು ಹೊಳೆಗೆ ಸೇರಿದರೆ, ಅದನ್ನು ತಿಂದು ಬೆಳೆಯುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ. ಮೀನು ಉಸಿರುಗಟ್ಟಿ ಸಾಯುತ್ತದೆ. ಅದೂ ಮಳೆಗಾಲ ಮುಗಿದು ಹೊಳೆ ಸೊರಗುತ್ತಿರುವಾಗಲೇ ಬಿಡುತ್ತಾರೆ, ರಾತ್ರಿ, ಟಾರ್ಚ್ ಹಿಡಿದುಕೊಂಡು. ನಾನೂ ಕಾಫಿಯ ಅನ್ನ ತಿನ್ನುವವನೇ, ಹಾಗೆ ತೊಳೆದು ಒಣಗಿಸಿದ ಬೀಜಕ್ಕೆ, ಅಂದರೆ ಪಾರ್ಚ್‌ಮೆಂಟಿಗೆ, ಒಳ್ಳೆಯ ಬೆಲೆ ಬಂದ ದಿನ ಮನೆಯಲ್ಲಿ ಪಾಯಸ ಮಾಡಿಸುವವನೇ. ಆದರೂ ಆ ವಾಸನೆ ಬಂದಾಗ ಮೈ ಉರಿಯುತ್ತದೆ.

"ಅಳಿವೆ ಕೆಟ್ಟಿರುವುದು ಅಲ್ಲಿಯವರಿಂದಲೇ. ಪಟ್ಟಣದ ಚರಂಡಿ, ಮರಳು ದಂಧೆ, ಅಳಿವೆಯ ಕಾಂಡ್ಲಾ ಕಾಡು ಕಡಿದು ಮಣ್ಣು ತುಂಬಿಸುವುದು, ಇವೆಲ್ಲ ನಾವು ಮಾಡಿದ್ದೇ?" ಎಂದು ನಮ್ಮ ಪಕ್ಕದ ತೋಟದ ಹಿರಿಯರು ಕೇಳುತ್ತಾರೆ. ಅಲ್ಲ. ಇಲ್ಲಿಂದ ಹೊರಟ ಹುಳಿನೀರು ಅಷ್ಟು ದೂರ ಹಾಗೆಯೇ ಹೋಗುವುದಿಲ್ಲ ಎಂಬುದೂ ಸರಿ. ಹಾಗೆಂದು ನಮ್ಮ ಪ್ಲಾಸ್ಟಿಕ್ಕಿಗೆ ಗಡಿಯಲ್ಲಿ ಚೆಕ್‌ಪೋಸ್ಟ್ ಇದೆಯೇ? 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಗುಡ್ಡ ಜಾರಿದಾಗ ಪಯಸ್ವಿನಿ ಕೆಂಪು ಕೆಸರಾಗಿ ಹರಿದದ್ದು ಮರೆತುಹೋಯಿತೇ? ಅಳಿವೆಯಲ್ಲಿ ಸಿಹಿನೀರು ಉಪ್ಪುನೀರಿಗೆ ಬೆರೆಯುವ ಜಾಗದಲ್ಲೇ ಸಿಗಡಿ, ಮೀನಿನ ಮರಿಗಳು ಬೆಳೆಯುತ್ತವೆ, ಮರುವಾಯಿ ಎಂಬ ಚಿಪ್ಪುಜೀವಿ ಕೆಸರಿನಲ್ಲಿ ಕುಳಿತಿರುತ್ತದೆ. ಹೂಳು ಮುಚ್ಚಿದರೆ ಅದು ಎದ್ದು ಓಡಲಾರದು. ಮಡಿಕೇರಿ ಮಾರುಕಟ್ಟೆಯಲ್ಲಿ ಮೀನು ತಾಜಾ ಇಲ್ಲವೆಂದು ಜಗಳವಾಡುವವರೂ ನಾವೇ.

ಒಡಿಶಾದ ಚಿಲಿಕಾ ಸರೋವರವನ್ನು 1993ರಲ್ಲಿ ಅಪಾಯದಲ್ಲಿರುವ ರಾಮ್ಸರ್ ತಾಣಗಳ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ) ಪಟ್ಟಿಗೆ ಸೇರಿಸಿದ್ದರು. 2000ದಲ್ಲಿ ಸಮುದ್ರಕ್ಕೆ ಹೊಸ ಬಾಯಿ ತೋಡಿದರು, ಉಪ್ಪುನೀರು ಒಳಬಂತು, ಮೀನು ಮರಳಿತು, 2002ರಲ್ಲಿ ಪಟ್ಟಿಯಿಂದ ಹೊರಬಂತು. ಎಲ್ಲರೂ ಆ ಬಾಯಿಯ ಕತೆಯನ್ನೇ ಹೇಳುತ್ತಾರೆ. ಮೇಲಿನ ಜಲಾನಯನದಲ್ಲಿ ಮಣ್ಣು ಹಿಡಿದಿಡುವ ಕೆಲಸವನ್ನೂ ಮಾಡಿದ್ದರು. ಅದಕ್ಕೆ ಫೋಟೊ ಬರುವುದಿಲ್ಲವಲ್ಲ, ಯಾರು ಹೇಳುತ್ತಾರೆ!

ಇಲ್ಲಿ ಮಾಡಬೇಕಾದದ್ದು ರಾಕೆಟ್ ವಿಜ್ಞಾನವೇನೂ ಅಲ್ಲ. ನೀರು ಕಡಿಮೆ ಕುಡಿಯುವ ಪಲ್ಪರ್, ಇಂಗದಂತೆ ತಳ ಕಟ್ಟಿದ ಹೊಂಡ, ಹುಳಿ ಮುರಿಯಲು ಸುಣ್ಣ, ಸಿಪ್ಪೆಗೆ ಗೊಬ್ಬರದ ಗುಂಡಿ. ಸಣ್ಣ ಬೆಳೆಗಾರರಿಗೆ ಖರ್ಚು ಹೆಚ್ಚಾದರೆ ನಾಲ್ಕು ಮನೆ ಸೇರಿ ಒಂದೇ ಹೊಂಡ ಮಾಡಿಕೊಳ್ಳಬಹುದು, ಇಲ್ಲವೇ ಸಿಪ್ಪೆ ಸುಲಿಯದೆ ಇಡೀ ಹಣ್ಣನ್ನೇ, ಅಂದರೆ ಚೆರ್ರಿಯನ್ನೇ, ಕಣದಲ್ಲಿ ಒಣಗಿಸಬಹುದು. ದೊಡ್ಡ ತೋಟದವರ ನೆಪ ಮಾತ್ರ ನನಗೆ ಬೇಡ. ಮನೆ ಮುಂದೆ ಎರಡು ಕಾರು ನಿಲ್ಲಿಸುವವರಿಗೆ ಒಂದು ಹೊಂಡಕ್ಕೆ ಜಾಗವಿಲ್ಲವಂತೆ.

ಯಾರ ತೋಟ ಎಂದು ಇಲ್ಲಿ ಬರೆಯುವುದಿಲ್ಲ. ಅವರಿಗೇ ಗೊತ್ತು. ಇದನ್ನು ಓದಿ ಲೈಕ್ ಕೂಡ ಒತ್ತುತ್ತಾರೆ.